5ಬಿಯಲ್ಲೇ ಮೂರು ಮಹಡಿ: ನನ್ನ ಅನುಭವ

ಕೆಳಗೆ ರೆಸ್ಟೋರೆಂಟ್ ಮತ್ತು ಅಂಗಡಿಗಳು, ಮೇಲೆ ಎರಡು ಮಹಡಿ ಆಫೀಸು. ಮರದ ಫ್ರೇಮು, ಟೈಪ್ 5ಬಿ: ಅಮೆರಿಕದಲ್ಲಿ ಬಳಸುವ ಕಟ್ಟಡ ಸಂಹಿತೆ ಐಬಿಸಿಯಲ್ಲಿ, ಚೌಕಟ್ಟಿಗೆ ಬೆಂಕಿ ತಡೆಯುವ ರೇಟಿಂಗ್ ಕೇಳದ ವರ್ಗ. ನೋಡಿದವರೆಲ್ಲ ‘ಇದು ಆಗುವ ಮಾತಲ್ಲ, 5ಎ ಮಾಡಿ’ ಅಂದರು. 5ಎ ಅಂದರೆ ಕಟ್ಟಡದ ಉದ್ದಗಲಕ್ಕೂ ಒಂದು ಗಂಟೆ ಬೆಂಕಿ ತಡೆಯುವ ರೇಟಿಂಗ್, ಮೂಲೆಮೂಲೆಗೂ ಜಿಪ್ಸಮ್ ಹಲಗೆ. ಕೊನೆಗೆ ಯಾವ ವಿನಾಯಿತಿಯನ್ನೂ ಕೇಳದೆ ಐಬಿಸಿ ಕೋಷ್ಟಕದೊಳಗೇ 5ಬಿ ಪಾಸಾಯಿತು.

ಮಹಡಿಯೊಂದಕ್ಕೆ ಸುಮಾರು 8,000 ಚದರಡಿ; ಅದರಲ್ಲಿ ರೆಸ್ಟೋರೆಂಟ್ 3,000ದಷ್ಟು. ಮೊದಲು ನಾನ್‌ಸೆಪರೇಟೆಡ್, ಅಂದರೆ ಬಳಕೆಗಳ ನಡುವೆ ರೇಟೆಡ್ ಗೋಡೆಯಿಲ್ಲದ ಲೆಕ್ಕ ಹಾಕಿದೆ. ಆಗ ಇಡೀ ಕಟ್ಟಡಕ್ಕೆ ಅತಿ ಬಿಗಿಯಾದ ಬಳಕೆ ಗುಂಪಿನ ಮಿತಿ, ಅಂದರೆ ಎ-2ರದ್ದು (ರೆಸ್ಟೋರೆಂಟ್ ಸೇರುವ ಗುಂಪು). ಪೂರ್ತಿ ಎನ್‌ಎಫ್‌ಪಿಎ 13 ಮಾನದಂಡದ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮಿಸುವ ವ್ಯವಸ್ಥೆ) ಇದ್ದರೆ ವಿಸ್ತೀರ್ಣ 18,000ದವರೆಗೆ ಸಿಗುತ್ತದೆ, ತೊಂದರೆಯಿಲ್ಲ. ಆದರೆ ಮಹಡಿ ಎರಡೇ. ಅಲ್ಲಿಗೇ ಎಲ್ಲರೂ ಕೈಬಿಡುವುದು.

ಸೆಪರೇಟೆಡ್ ಮಾಡಿದರೆ, ಅಂದರೆ ರೇಟೆಡ್ ಗೋಡೆ, ಮಹಡಿಗಳಿಂದ ಬೇರ್ಪಡಿಸಿದರೆ, ಪ್ರತಿ ಬಳಕೆಗೂ ಅದರದರ ಮಿತಿ. ಎ-2 ನೆಲಮಹಡಿಯಲ್ಲೇ ಇದೆ, ಬಿ (ಆಫೀಸು) ಗುಂಪಿಗೆ ಮೂರು ಮಹಡಿ ಉಂಟು. ನೆಲಮಹಡಿಯಲ್ಲಿ 3,000/18,000 ಮತ್ತು ಅಂಗಡಿಗಳ 5,000/27,000 ಕೂಡಿದರೆ 0.35, ಮೇಲಿನವು ತಲಾ 0.3. ಮೊತ್ತ ದಾಟಬಾರದ ಒಂದರ ಹತ್ತಿರವೂ ಬರಲಿಲ್ಲ. ಸ್ಪ್ರಿಂಕ್ಲರ್ ಇರುವುದರಿಂದ ಎ-2 ಸುತ್ತ ಒಂದು ಗಂಟೆಯ ಗೋಡೆ, ತಲೆಯ ಮೇಲೆ ಒಂದು ಗಂಟೆಯ ಮಹಡಿ ಸಾಕು. ಇಲ್ಲದಿದ್ದರೆ ಎರಡು ಗಂಟೆ. ಎಂ (ಅಂಗಡಿ) ಮತ್ತು ಬಿ ನಡುವೆ ಏನೂ ಬೇಡ.

ಏಟು ಬಿದ್ದದ್ದು ಕಂಬಗಳಲ್ಲಿ. ರೇಟೆಡ್ ಮಹಡಿಯನ್ನು ಹೊರುವುದೆಲ್ಲವೂ ಅಷ್ಟೇ ರೇಟಿಂಗಿನದಾಗಿರಬೇಕು. ರೆಸ್ಟೋರೆಂಟ್ ಒಳಗಿನ ಕಂಬಗಳನ್ನು ಮುಚ್ಚಿದ್ದೆ. ಒಂದು ತೊಲೆ ಗೋಡೆ ದಾಟಿ ಅಂಗಡಿ ಕಡೆಯ ಎರಡು ಕಂಬಗಳ ಮೇಲೆ ಕೂತಿತ್ತು, ಅವು ಬತ್ತಲೆ. ನಕ್ಷೆ ವಾಪಸ್. ಆಮೇಲೆ ತೊಲೆಗಳ ಸಾಲನ್ನು ಹೇಗೆ ತಿರುಗಿಸಿ ಆ ಎರಡನ್ನೂ ಬಿಡಿಸಿಕೊಂಡೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ದುಡ್ಡು ಹೆಚ್ಚು ಸುರಿದದ್ದು ಸೀಲಿಂಗಿಗೆ. ರೇಟೆಡ್ ಜಿಪ್ಸಮ್ ಪದರಕ್ಕೇ ಡೌನ್‌ಲೈಟ್ ತೂತು ಕೊರೆದಿದ್ದರು. ಎಲ್ಲ ತೇಪೆ ಹಾಕಿ, ಕೆಳಗೆ ಇನ್ನೊಂದು ಫಾಲ್ಸ್ ಸೀಲಿಂಗ್ ಇಳಿಸಿ ದೀಪಗಳನ್ನು ಅಲ್ಲಿಗೆ ತಂದದ್ದಾಯಿತು. ಅಡುಗೆಮನೆಯ ಗ್ರೀಸ್ ಡಕ್ಟಿಗೂ (ಎಣ್ಣೆ ಹೊಗೆ ಹೊರಹಾಕುವ ಕೊಳವೆ) ಮೆಕ್ಯಾನಿಕಲ್‌ನವರು ಮಾಮೂಲಿ ಫೈರ್ ಡ್ಯಾಂಪರ್ (ಬೆಂಕಿ ಬಂದರೆ ಮುಚ್ಚಿಕೊಳ್ಳುವ ತಟ್ಟೆ) ಬರೆದಿದ್ದರು. ಅದು ಅಲ್ಲಿ ನಡೆಯದು, ರೇಟೆಡ್ ಶಾಫ್ಟಿನಲ್ಲೋ ಅದಕ್ಕೆಂದೇ ಮಾನ್ಯವಾದ ಹೊದಿಕೆಯಲ್ಲೋ ಛಾವಣಿವರೆಗೆ ಒಯ್ಯಬೇಕು. ಅಂಗಡಿ ಕಡೆಯ ಬಾಗಿಲು 45 ನಿಮಿಷದ್ದು, ಕ್ಲೋಸರ್ ಸಮೇತ. ಇಷ್ಟೆಲ್ಲ ಕಳೆದರೂ 5ಎ ಅಂದಾಜಿಗಿಂತ ಕೆಳಗೇ ನಿಂತಿತು.

ನಡುವೆ ಇನ್ನೊಂದು ವರ್ಗ 3ಬಿಯನ್ನೂ ಕೆಣಕಿ ನೋಡಿದೆ. ಮಹಡಿ ಧಾರಾಳ, ಆದರೆ ಭಾರ ಹೊರುವ ಹೊರಗೋಡೆಗೆ ಎರಡು ಗಂಟೆ, ಅದೂ ಉರಿಯದ ವಸ್ತು ಇಲ್ಲವೇ ಅಗ್ನಿನಿರೋಧಕ ಸಂಸ್ಕರಣೆ ಮಾಡಿದ ಮರ. ಅರ್ಧ ದಿನದಲ್ಲೇ ಬಿಟ್ಟೆ. 5ಬಿಯಲ್ಲಿ ಗಡಿಯಿಂದ 10 ಅಡಿ ಸರಿದು ನಿಂತರೆ ಹೊರಗೋಡೆಗೆ ರೇಟಿಂಗೇ ಬೇಡ.

ಇನ್ನೊಂದು: ಮೇಲಿನ ಆಫೀಸಿನ ಮೀಟಿಂಗ್ ಹಾಲ್ 740 ಚದರಡಿ. 750ರ ಒಳಗಿರುವುದರಿಂದ ಅದು ಎ-3 (ಸಭಾ ಬಳಕೆಯ ಗುಂಪು) ಆಗದೆ ಬಿಯಲ್ಲೇ ಉಳಿಯಿತು. ಆದರೆ ಬರೀ ಕುರ್ಚಿ ಹಾಕಿದರೆ ತಲೆಗೆ 7 ಚದರಡಿಯಂತೆ ನೂರು ದಾಟುತ್ತದೆ. ಗುಂಪು ಬಿ ಅಂತ ಒಂದೇ ಬಾಗಿಲು ಬರೆದಿದ್ದೆ. ಎರಡು ಬೇಕಾಯಿತು, ಎರಡೂ ಹೊರಕ್ಕೆ ತೆರೆಯುವಂಥವು.