ಕಾಡರಿಶಿನ ಕುಂಡಕ್ಕೆ ಬಂದದ್ದು: ಪುಣೆಯಲ್ಲಿ ನನ್ನ ಅನುಭವ

ಮಳೆಗಾಲ ಬಂತು ಅಂದ್ರೆ ಪುಣೆಯ ನರ್ಸರಿಗಳಲ್ಲಿ ಸಯಾಮ್ ಟ್ಯುಲಿಪ್ ಕುಂಡಗಳು ಕಾಣಿಸುತ್ತವೆ. ಹೆಸರು ಟ್ಯುಲಿಪ್ ಆದರೂ ಅದು ಥಾಯ್ಲೆಂಡ್ ಕಡೆಯ ಅರಿಶಿನದ ಜಾತಿ. ಅದರ ದಾಯಾದಿ ನಮ್ಮ ಸಹ್ಯಾದ್ರಿಯಲ್ಲೇ ಇದೆ, ಅಲ್ವಾ? ಮರಾಠಿಯವರು ರಾನ್ ಹಳದ್ ಅಂತಾರೆ, ನಾವು ಕಾಡರಿಶಿನ. ಕೆಳಗಡೆ ಹಸಿರು ಎಸಳು, ಅದರ ಸಂದಿಯಿಂದ ಇಣುಕುವ ಪುಟ್ಟ ಹಳದಿ ಹೂ, ತುದಿಯಲ್ಲಿ ಗುಲಾಬಿ ಬಣ್ಣದ ತುರಾಯಿ. ಇಷ್ಟು ಚಂದದ ಗಿಡ ನಮ್ಮಲ್ಲೇ ಇರುವಾಗ ಇದನ್ನೇ ಬೆಳೆಯೋಣ ಅಂತ ಪುಣೆ ಹತ್ತಿರದ ಮುಳಶಿಯ ನಮ್ಮ ಸಣ್ಣ ಜಾಗದಲ್ಲಿ ಶುರು ಮಾಡಿದೆ.

ದಯವಿಟ್ಟು ಗುಡ್ಡದಿಂದ ಗೆಡ್ಡೆ ಕೀಳಬೇಡಿ. ಸಾತಾರಾ ಹತ್ತಿರ ಕಾಡುಹೂಗಳಿಗೆ ಹೆಸರಾದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೋ ಪಟ್ಟಿ ಸೇರಿದ ಜಾಗ. ಅಲ್ಲಿ ನೋಡಿ, ಫೋಟೊ ತೆಗೀರಿ, ಸುಮ್ನೆ ಬನ್ನಿ. ನನಗೆ ಮೊದಲ ಗೆಡ್ಡೆ ಸಿಕ್ಕಿದ್ದು ಪಕ್ಕದ ರೈತರ ಗದ್ದೆ ಬದುವಿನಲ್ಲಿ. "ಕಾಕಾ, ಸ್ವಲ್ಪ ಕೊಡ್ತೀರಾ?" ಅಂತ ಕೇಳಿ, ದುಡ್ಡು ಕೊಟ್ಟು ತಂದೆ. ಆಮೇಲೆ ಎಲ್ಲ ಅದರಿಂದಲೇ ಬೆಳೆಸಿದ್ದು.

ಹೂ ಬಿಟ್ಟಾಗ ತುರಾಯಿಯ ಬಣ್ಣ ಗಾಢವಾಗಿರುವ, ದಂಟು ಉದ್ದ ಇರುವ ಗಿಡಗಳಿಗೆ ದಾರ ಕಟ್ಟಿಡುತ್ತೇನೆ. ಮುಂದಿನ ವರ್ಷ ಅವುಗಳ ಗೆಡ್ಡೆಯನ್ನು ಮಾತ್ರ ಒಡೆದು ನೆಡುವುದು. ಬೀಜದಿಂದ ಬಂದ ಗಿಡಗಳಲ್ಲಿ ಬಣ್ಣ ಒಂದೊಂದು ಥರ. ಗೆಡ್ಡೆಯಿಂದ ಬಂದದ್ದು ತಾಯಿಯ ಹಾಗೇ ಇರುತ್ತೆ. ಕುಂಡಕ್ಕೆ ಕೆಂಪು ಮಣ್ಣು, ಎಲೆಗೊಬ್ಬರ, ಜಲ್ಲಿಪುಡಿ ಹಾಕುತ್ತೇನೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ, ಮುಳಶಿ ಮಳೆಯಲ್ಲಂತೂ ಬಲು ಬೇಗ.

ನಿಜವಾದ ಲೆಕ್ಕಾಚಾರ ಇರುವುದು ಗೌರಿ ಗಣಪತಿಯದ್ದು. ಜಾಸ್ತಿ ಗಿರಾಕಿ ಬರುವುದು ಆಗಲೇ, ಆದರೆ ಹಬ್ಬ ಒಂದೇ ತಾರೀಖಿಗೆ ಬರೋದಿಲ್ಲ. ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೇ ಬಂದುಬಿಟ್ಟಿತು. ಅದಕ್ಕೆ ಒಂದಿಷ್ಟು ಗೆಡ್ಡೆಯನ್ನು ಮೇ ತಿಂಗಳಲ್ಲೇ ನೆಟ್ಟು ನೀರು ಕೊಡುತ್ತೇನೆ, ಉಳಿದದ್ದನ್ನು ಒಣ ಮರಳಲ್ಲಿ ನೆರಳಿಗೆ ಇಟ್ಟುಕೊಂಡು ಜೂನ್ ಕೊನೆಯವರೆಗೂ ಕಂತು ಕಂತಾಗಿ ನೆಡುತ್ತೇನೆ. ಹಬ್ಬ ಯಾವಾಗ ಬಂದರೂ ಒಂದು ಕಂತಾದರೂ ಹೂವಲ್ಲಿ ಇರುತ್ತೆ.

ಕೊಯ್ದ ಹೂವಾಗಿ ಮಾರುವುದಾದರೆ ಬೆಳಿಗ್ಗೆ ಬೇಗ ಕೊಯ್ದು ತಕ್ಷಣ ನೀರಿಗೆ ಇಡಬೇಕು. ತುರಾಯಿ ಪೂರ್ತಿ ಬಣ್ಣ ತಿರುಗಿದ ಮೇಲೇ ಕೊಯ್ಯಿರಿ, ಕೊಯ್ದ ಮೇಲೆ ಅದು ಅರಳೋದು ಕಡಿಮೆ. ದಂಟು ಗಿಡ್ಡ, ಅದೇ ಇದರ ತೊಡಕು. ಹೂದಾನಿಗಿಂತ ಟೇಬಲ್ ಮೇಲಿನ ಸಣ್ಣ ಬಟ್ಟಲಿಗೆ ಒಪ್ಪುತ್ತೆ. ಕುಂಡದ ವ್ಯಾಪಾರವೇ ವಾಸಿ ಅಂತ ನನ್ನ ಅಭಿಪ್ರಾಯ.

ಕೊಯ್ಯುವ ಹೂವಿಗೆ ಕಳಲಾವಿ ಒಳ್ಳೆಯದು, ನಮ್ಮ ಮಲೆನಾಡಿನವರ ಗೌರಿ ಹೂ. ಹಳದಿಯಾಗಿ ಅರಳಿ ಕೆಂಪಾಗುತ್ತೆ. ಗೆಡ್ಡೆ ಇಂಗ್ಲಿಷ್‌ನ 'ವಿ' ಆಕಾರ, ಮೊಳಕೆಯ ಕಣ್ಣು ತುದಿಯಲ್ಲಿ, ಅದು ಮುರಿದರೆ ಆ ಕಡೆ ಚಿಗುರೋದಿಲ್ಲ. ಗಿಡ ಪೂರ್ತಿ ವಿಷ, ಅದರಲ್ಲಿರೋದು ಕಾಲ್ಚಿಸಿನ್. ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ, ಚಿಕ್ಕ ಮಕ್ಕಳಿರುವ ಮನೆಗೆ ಕುಂಡ ಕೊಡೋದಿಲ್ಲ. ತೇರಡಾ, ಅಂದ್ರೆ ಕರ್ಣಕುಂಡಲ, ಕೊಯ್ದರೆ ನಿಲ್ಲೋದಿಲ್ಲ. ತೇರಡ್ಯಾಚಾ ರಂಗ್ ತೀನ್ ದಿವಸ್, ಅಂದ್ರೆ ತೇರಡಾದ ಬಣ್ಣ ಮೂರು ದಿನ, ಅಂತ ಮರಾಠಿ ಗಾದೆಯೇ ಇದೆ. ಅದನ್ನು ಕುಂಡಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಚಳಿ ಬಿದ್ದಾಗ ಕಾಡರಿಶಿನದ ಎಲೆ ಹಳದಿಯಾಗಿ ಒಣಗುತ್ತೆ. ಕೊಂಡವರು ಗಿಡ ಸತ್ತಿತು ಅಂತ ಕುಂಡ ಎಸೀತಾರೆ, ಇಲ್ಲಾ ನೀರು ಸುರಿದು ಕೊಳೆಸ್ತಾರೆ. ಅದಕ್ಕೆ ಪ್ರತಿ ಕುಂಡಕ್ಕೂ ಒಂದು ಚೀಟಿ ಕಟ್ಟುತ್ತೇನೆ, ಮರಾಠಿ ಒಂದು ಕಡೆ, ಕನ್ನಡ ಇನ್ನೊಂದು ಕಡೆ: "ಗಿಡ ಸತ್ತಿಲ್ಲ, ಮಲಗಿದೆ. ಮೇ ತನಕ ನೀರು ಬೇಡ." ಬಾಲ್ಕನಿಯಲ್ಲಿ ಜಾಗ ಇಲ್ಲದವರು ಕುಂಡ ವಾಪಸ್ ತಂದುಕೊಟ್ಟರೆ ಗೆಡ್ಡೆ ಕಾಪಾಡಿ ಜೂನ್‌ನಲ್ಲಿ ಮರಳಿ ಕೊಡುತ್ತೇನೆ. ಪುಣೆ, ಮುಂಬೈ ಕಡೆ ಯಾರಾದರೂ ಬೆಳೆಯೋದಾದರೆ ಏಪ್ರಿಲ್‌ನಲ್ಲಿ ಕೇಳಿ, ಗೆಡ್ಡೆ ಒಡೆಯೋದು ಆಗಲೇ.