ಮೂವರ ವಿಡಿಯೋ ಸಂದರ್ಶನ: ಓಬಿಎಸ್‌ನಲ್ಲಿ ಪರದೆ ಜೋಡಿಸೋದು ಹೇಗೆ?

ಝೂಮ್ ಕಿಟಕಿಯನ್ನು ಹಾಗೇ ರೆಕಾರ್ಡ್ ಮಾಡಬೇಡಿ. ಒಬ್ಬರ ನೆಟ್ ಹೋಗಿ ಬಂದರೂ ಸಾಕು, ಎಲ್ಲರ ಜಾಗ ಅದಲುಬದಲಾಗುತ್ತದೆ. ನೋಡುವವರಿಗೆ ಕಿರಿಕಿರಿ, ಅಲ್ವಾ?

ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಓಬಿಎಸ್‌ಗೆ (ವಿಡಿಯೋ ರೆಕಾರ್ಡ್, ಲೈವ್ ಮಾಡುವ ಸಾಫ್ಟ್‌ವೇರ್) ತನ್ನಿ. ಇದಕ್ಕೆ ವಿಡಿಒ ನಿಂಜಾ ಅನ್ನೋ ವೆಬ್‌ಸೈಟ್ ಒಳ್ಳೆಯದು, ದುಡ್ಡೂ ಬೇಡ. ಪ್ರತಿ ಅತಿಥಿಗೂ ಒಂದು ಲಿಂಕ್ ಕಳಿಸಿ, ಅವರು ಬ್ರೌಸರ್‌ನಲ್ಲಿ ಕ್ಯಾಮೆರಾ ಆನ್ ಮಾಡಿದ ಮೇಲೆ ಅವರನ್ನು ನೋಡುವ ಲಿಂಕನ್ನು ಓಬಿಎಸ್‌ನ ಬ್ರೌಸರ್ ಸೋರ್ಸ್‌ಗೆ (ವೆಬ್ ಪುಟವನ್ನು ಪರದೆಗೆ ತರುವ ಸೋರ್ಸ್) ಅಂಟಿಸಿ. ಅಗಲ 1920, ಎತ್ತರ 1080 ಕೊಡಿ.

ಈಗ ಜೋಡಣೆ. ಮೂರನ್ನೂ ಅಡ್ಡಡ್ಡ ಸಾಲಾಗಿ ಇಟ್ಟರೆ ಒಂದೊಂದೂ 640x360ಕ್ಕೆ ಇಳಿಯುತ್ತದೆ, ಮೇಲೆ ಕೆಳಗೆ ಸುಮ್ನೆ ಖಾಲಿ ಜಾಗ, ಮೊಬೈಲಿನಲ್ಲಂತೂ ಮುಖವೇ ಸರಿಯಾಗಿ ಕಾಣಲ್ಲ. ಅದರ ಬದಲು ಆಲ್ಟ್ ಕೀ ಹಿಡಿದುಕೊಂಡು ಎಡ ಬಲದ ಅಂಚನ್ನು ಒಳಕ್ಕೆ ಎಳೆದು, ತಲಾ 640 ಪಿಕ್ಸೆಲ್ ಕತ್ತರಿಸಿ. ಉಳಿಯುವ ಮೂರು ಉದ್ದ ಪಟ್ಟಿಗಳು ಪರದೆಯನ್ನು ಪೂರ್ತಿ ತುಂಬುತ್ತವೆ. ಅತಿಥಿಗಳಿಗೆ ಕ್ಯಾಮೆರಾದ ನಡುಮಧ್ಯೆ ಕೂರಲು ಮೊದಲೇ ಹೇಳಿ, ಇಲ್ಲಾಂದ್ರೆ ಅರ್ಧ ಮುಖ ಕತ್ತರಿಸಿ ಹೋಗುತ್ತದೆ.

ಮೂವರ ಕಣ್ಣೂ ಒಂದೇ ಮಟ್ಟದಲ್ಲಿರಲಿ, ತಲೆಯ ಗಾತ್ರವೂ ಹೆಚ್ಚುಕಮ್ಮಿ ಒಂದೇ ಇರಲಿ. ಒಬ್ಬರು ಜಾಸ್ತಿ ದೊಡ್ಡದಾಗಿ ಕಂಡರೆ ಉಳಿದವರ ಮಾತಿನ ತೂಕವೇ ಇಳಿದಂತೆ ಕಾಣುತ್ತದೆ, ಅದು ಅವರಿಗೆ ಅನ್ಯಾಯ.

ಹೆಸರಿನ ಪಟ್ಟಿಯನ್ನು ತೀರಾ ಕೆಳಗೆ ಹಾಕಬೇಡಿ, ಯೂಟ್ಯೂಬ್‌ನ ಗುಂಡಿಗಳು ಮುಚ್ಚಿಬಿಡುತ್ತವೆ. ಕನ್ನಡದಲ್ಲಿ ಬರೆದರೆ ಒತ್ತಕ್ಷರದ ಬಾಲ ಪಟ್ಟಿಯಿಂದ ಹೊರಬಿದ್ದಿದೆಯಾ ನೋಡಿಕೊಳ್ಳಿ.

ಒಬ್ಬೊಬ್ಬರೇ ಪೂರ್ತಿ ಪರದೆಯಲ್ಲಿ ಕಾಣುವ ಸೀನ್‌ಗಳನ್ನೂ (ಬೇಕಾದಾಗ ಬದಲಿಸುವ ಪರದೆ ಜೋಡಣೆಗಳು) ಮಾಡಿಡಿ. ಆದರೆ ಅಲ್ಲಿ ಹೊಸ ಸೋರ್ಸ್ ಮಾಡದೆ, ಈಗಾಗಲೇ ಇರುವುದನ್ನೇ ಸೇರಿಸಿ. ಇಲ್ಲದಿದ್ದರೆ ಅದೇ ವಿಡಿಯೋ ಎರಡೆರಡು ಸಲ ತೆರೆದು ನೆಟ್ ಸುಮ್ನೆ ಖರ್ಚಾಗುತ್ತದೆ.