ಹಾಸ್ಯ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್: ನಗುವಿಗೆ ಜಾಗ ಬಿಡುವ ಕೆಲಸ

ಹಾಸ್ಯ ರಾಕ್ ಬ್ಯಾಂಡಿಗೆ ಸೇರಿದ ಡ್ರಮ್ಮರ್ ಮೊದಲು ಮಾಡುವ ತಪ್ಪೆಂದರೆ ತಾನೂ ನಗಿಸಲು ಹೋಗುವುದು. ಮುಂದೆ ಹಾಡುವವನು ಮಂಗಾಟ ಆಡುತ್ತಿರುವಾಗ ಹಿಂದೆ ಕೂತವನೂ ಕೋಲು ಎಸೆದು ಹಿಡಿದರೆ ಜನರ ಕಣ್ಣು ಅತ್ತ ಹೋಗಿ ಮಾತು ಬಿದ್ದುಹೋಗುತ್ತದೆ. ಜನಪ್ರಿಯ ಹಾಡುಗಳನ್ನು ಅಣಕಿಸಿ ಹಾಡುವ ಅಮೆರಿಕದ ‘ವಿಯರ್ಡ್ ಅಲ್’ ಯಾಂಕೊವಿಕ್ ಜೊತೆ 1980ರಿಂದ ಇರುವ ಡ್ರಮ್ಮರ್ ಜಾನ್ ‘ಬರ್ಮುಡಾ’ ಶ್ವಾರ್ಟ್ಸ್ ಮೊದಲ ದಿನ ರೇಡಿಯೊ ಸ್ಟುಡಿಯೊದಲ್ಲಿ ಬಡಿದದ್ದು ಅಕಾರ್ಡಿಯನ್ನಿನ ಪೆಟ್ಟಿಗೆಯನ್ನು. ಆಮೇಲಿನ ನಾಲ್ಕು ದಶಕದ ಕೆಲಸದಲ್ಲಿ ಮಾತ್ರ ತಮಾಷೆ ಕಡಿಮೆ. ರಾಪ್ ಇರಲಿ, ಗ್ರಂಜ್ ಇರಲಿ, ಅಣಕದ ಡ್ರಮ್ಸ್ ಮೂಲದ ಹಾಗೇ ಕೇಳಿಸಬೇಕು. ಕೇಳಿಸದಿದ್ದರೆ ಯಾವ ಹಾಡನ್ನು ಅಣಕಿಸುತ್ತಿದ್ದಾರೆ ಎಂಬುದೇ ಹೊಳೆಯುವುದಿಲ್ಲ.

ಹಾಗಾಗಿ ಮೂಲವನ್ನು ಹೆಡ್‌ಫೋನಿನಲ್ಲಿ ಕೇಳಿ ಚೀಟಿ ಬರೆದುಕೊಳ್ಳಿ: ವೇಗ ಎಷ್ಟು, ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಎಲ್ಲೆಲ್ಲಿ, ಹೈಹ್ಯಾಟ್ (ಪೆಡಲ್ ಒತ್ತಿ ಮುಚ್ಚುವ ಜೋಡಿ ತಟ್ಟೆ) ಯಾವಾಗ ತೆರೆಯುತ್ತದೆ, ಪಲ್ಲವಿಗೆ ಮುಂಚಿನ ಫಿಲ್ (ಎರಡು ಭಾಗಗಳ ನಡುವೆ ತುಂಬುವ ಸಣ್ಣ ಬಡಿತ) ಯಾವುದು. ಆ ಫಿಲ್ ಒಂದನ್ನಂತೂ ಬದಲಿಸಬೇಡಿ, ಜನರಿಗೆ ನೆನಪಿರುವುದು ಅದೇ. 70ರ ದಶಕದ ಮಂದ ಸದ್ದು ಬೇಕಿದ್ದರೆ ಚುರುಕು ಸದ್ದಿನ ಸ್ನೇರ್ ಡ್ರಮ್, ಅದರ ಸುತ್ತಲಿನ ಟಾಮ್ ಡ್ರಮ್‌ಗಳ ಮೇಲೆ ತೆಳು ಟವೆಲ್ ಹಾಸಿದರೆ ಸಾಕು. 80ರ ದಶಕದ, ದೊಡ್ಡದಾಗಿ ಮೊಳಗಿ ತಟ್ಟನೆ ಕಡಿದುಹೋಗುವ ಸ್ನೇರ್ ಸದ್ದನ್ನು ಸ್ಯಾಂಪಲ್ ಪ್ಯಾಡಿನಿಂದ, ಅಂದರೆ ಬಡಿದರೆ ರೆಕಾರ್ಡ್ ಮಾಡಿದ ಸದ್ದು ಬರುವ ಎಲೆಕ್ಟ್ರಾನಿಕ್ ಹಲಗೆಯಿಂದ, ತರುವುದೇ ಸುಲಭ.

ಹಾಸ್ಯದ ಹಾಡಿನಲ್ಲಿ ಒಂದು ಪದ ಕೇಳಿಸದಿದ್ದರೂ ಜೋಕ್ ಸತ್ತಿತು. ‘ಸ’, ‘ಶ’, ‘ತ’ಗಳ ಸದ್ದನ್ನು ಮುಚ್ಚುವುದು ಡ್ರಮ್ ಅಲ್ಲ, ಸಿಂಬಲ್ ಎಂಬ ಲೋಹದ ತಟ್ಟೆ. ಸಾಹಿತ್ಯ ನಡೆಯುವಾಗ ಹೈಹ್ಯಾಟ್ ಮುಚ್ಚಿರಲಿ, ಜೋರಾಗಿ ಮೊಳಗುವ ಕ್ರ್ಯಾಶ್ ಸಿಂಬಲ್ ಸಾಲು ಮುಗಿದ ಮೇಲಷ್ಟೇ ಬರಲಿ. ಸಣ್ಣ ಹಾಲ್‌ನಲ್ಲಿ ಕೋಲಿನ ಬದಲು ಕಡ್ಡಿಗಳ ಕಟ್ಟು, ಅಂದರೆ ರಾಡ್ಸ್, ಬಳಸಿ. ಸೌಂಡ್‌ಚೆಕ್ ವೇಳೆ ಹಾಡು ಗೊತ್ತಿಲ್ಲದ ಒಬ್ಬರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಕೇಳಿದ್ದನ್ನು ಹೇಳಿಸಿ.

ಹೆಚ್ಚು ಕೆಡುವುದು ನಗು ಬಂದಾಗ. ಕ್ಲಿಕ್, ಅಂದರೆ ವೇಗ ಹಿಡಿದಿಡುವ ಟಿಕ್-ಟಿಕ್ ಸದ್ದು, ಕೇಳಲು ಕಿವಿಯೊಳಗೆ ಕೂರುವ ಇನ್-ಇಯರ್ ಹಾಕಿಕೊಂಡವರಿಗೆ ಜನರ ನಗು ಕೇಳಿಸುವುದೇ ಇಲ್ಲ. ನಗುವಿನ ಮೇಲೇ ಮುಂದಿನ ಚರಣ ಶುರುವಾಗುತ್ತದೆ. ಪ್ರೇಕ್ಷಕರ ಕಡೆ ಒಂದು ಮೈಕ್ ಇಡಿಸಿ, ಅದನ್ನು ನಿಮ್ಮ ಕಿವಿಗೆ ಕೊಡಿಸಿ. ರೆಕಾರ್ಡ್ ಮಾಡಿದ ಟ್ರ್ಯಾಕ್ ಇದ್ದರೆ ಅದು ಯಾರಿಗೂ ಕಾಯುವುದಿಲ್ಲ, ಆದ್ದರಿಂದ ಜೋಕಿನ ಜಾಗದಲ್ಲೇ ಅದನ್ನು ಎರಡು ತುಂಡು ಮಾಡಿ, ಎರಡನೆಯದನ್ನು ಪ್ಯಾಡಿನಿಂದ ನೀವೇ ಬಿಡಿ. ನಡುವೆ 2 ಬಾರ್‌ಗಳ, ಅಂದರೆ ಎರಡು ಆವರ್ತದ, ಸರಳ ತಾಳ ಮೆಲ್ಲಗೆ ಸುತ್ತುತ್ತಿರಲಿ. ನಗು ಏರುವಾಗ ಕಾಯಿರಿ. ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲೇ, ಗಾಯಕನ ಸನ್ನೆ ನೋಡಿ 4 ಎಣಿಸಿ ಹೊರಡಿ.

ಇನ್ನು ಜೋಕ್ ಮುಗಿದೊಡನೆ ಬಡಿಯುವ, ಎಲ್ಲರಿಗೂ ಗೊತ್ತಿರುವ ‘ಬಡಂ-ಟಿಶ್’. ಸ್ನೇರ್ ಮೇಲೊಂದು, ಟಾಮ್ ಮೇಲೊಂದು, ಕೊನೆಗೆ ಕಿಕ್ ಜೊತೆ ಕ್ರ್ಯಾಶ್. ಕ್ರ್ಯಾಶ್ ಬಲಗೈಗೆ ಬಿಟ್ಟು, ಎಡಗೈಯ ಕೋಲನ್ನು ಕೊನೆಯ ಮೂರು ಬೆರಳಲ್ಲಿ ಮಡಚಿ ಹಿಡಿದು, ಹೆಬ್ಬೆರಳು ತೋರುಬೆರಳಿಂದ ಸಿಂಬಲ್ ಅಂಚನ್ನು ತಕ್ಷಣ ಹಿಡಿದುಬಿಡಿ. ಮೊಳಗಲು ಬಿಟ್ಟರೆ ಮುಂದಿನ ಮಾತನ್ನು ನುಂಗುತ್ತದೆ. ತಡವಾಗಿ ಬಡಿದರೆ ಜೋಕನ್ನು ವಿವರಿಸಿದ ಹಾಗಿರುತ್ತದೆ. ತಡವಾಯಿತು ಅನ್ನಿಸಿದರೆ ಬಿಟ್ಟುಬಿಡಿ. ಒಂದು ಶೋಗೆ ಎರಡು ಸಾಕು. ನಮ್ಮ ಟಿವಿ ಕಾಮಿಡಿ ಶೋಗಳ ಹಾಗೆ ಪ್ರತಿ ಮಾತಿಗೂ ಬಡಿದರೆ ಅದು ಬೆದರಿಕೆ.

ದುಡ್ಡಿನ ಮಾತನ್ನು ಮೊದಲೇ ಆಡಿಕೊಳ್ಳಿ. ಅಣಕ ಹಾಡಿನ ರಾಗ ಬ್ಯಾಂಡಿನದಲ್ಲ, ಅನುಮತಿ ಪಡೆದು ಮಾಡಿದ್ದರಲ್ಲಿ ರಾಯಲ್ಟಿಯ ಪಾಲು ಮೂಲ ರಚನೆಕಾರರಿಗೆ ಸಲ್ಲುತ್ತದೆ. ಡ್ರಮ್ಮರ್‌ಗೆ ಉಳಿಯುವುದು ಶೋ ಸಂಭಾವನೆ, ರೆಕಾರ್ಡಿಂಗ್ ಸಂಭಾವನೆ. ಬ್ಯಾಂಡಿನ ಸ್ವಂತ ಹಾಡುಗಳಲ್ಲಿ ನಿಮಗೆಷ್ಟು ಪಾಲು ಎಂಬುದು ಕಾಗದದ ಮೇಲಿರಲಿ.

ವೇಷ ಹಾಕುವ ಬ್ಯಾಂಡಾದರೆ ಕನಿಷ್ಠ ಒಂದು ತಾಲೀಮು ಪೂರ್ತಿ ವೇಷದಲ್ಲೇ ಆಗಬೇಕು. ಅಗಲ ತೋಳು ಹೈಹ್ಯಾಟಿನ ಮೇಲಿನ ತಟ್ಟೆಯನ್ನು ಹಿಡಿದಿಡುವ ಕ್ಲಚ್‌ಗೆ ಸಿಕ್ಕಿಕೊಳ್ಳುತ್ತದೆ, ಮಣಿಕಟ್ಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ. ಮುಖವಾಡ ಇದ್ದರೆ ಗಾಯಕನ ಕಣ್ಸನ್ನೆ ಕಾಣದು, ಆಗ ಕೈ ಎತ್ತುವುದನ್ನೇ ಸನ್ನೆ ಮಾಡಿಕೊಳ್ಳಿ. ದಪ್ಪ ಅಟ್ಟೆಯ ಬೂಟಿನಲ್ಲಿ ಪೆಡಲ್ ಕಾಲಿಗೆ ತಿಳಿಯುವುದೇ ಇಲ್ಲ. ಅದೊಂದು ವಿಷಯದಲ್ಲಿ ವಸ್ತ್ರವಿನ್ಯಾಸದವರ ಜೊತೆ ಜಗಳವಾದರೂ ಸರಿ.